ಅಮ್ಮನ ಚಿಕಿತ್ಸೆ ನಡುವೆ ನಿಲ್ಲದಿರಲಿ

ಹಳೇ ಮೈಸೂರು ಕಡೆಯ ಊರುಗಳಲ್ಲಿ ‘ಕಿದ್ವಾಯಿಗೆ ತೋರಿಸ್ತಾ ಇದಾರಂತೆ’ ಎಂದರೆ ಸಾಕು, ಕಾಯಿಲೆ ಯಾವುದೆಂದು ಯಾರೂ ಮತ್ತೆ ಕೇಳುವುದಿಲ್ಲ. ಬೆಂಗಳೂರಿನ ನಿಮ್ಹಾನ್ಸ್ ಪಕ್ಕದಲ್ಲಿ 1973ರಿಂದ ಇರುವ ಆ ಕ್ಯಾನ್ಸರ್ ಆಸ್ಪತ್ರೆಗೆ ರಾಜ್ಯದ ಎಲ್ಲ ಮೂಲೆಗಳಿಂದ ಮಕ್ಕಳು ಅಪ್ಪನನ್ನೋ ಅಮ್ಮನನ್ನೋ ಕರೆದುಕೊಂಡು ಬರುತ್ತಾರೆ. ಕಲಬುರಗಿಯಲ್ಲೂ ಅದರ ಕೇಂದ್ರವೊಂದಿದೆ. ಆದರೂ ಆ ಭಾಗದ ಎಷ್ಟೋ ಮಂದಿ ಮುಂಬೈನ ಟಾಟಾ ಆಸ್ಪತ್ರೆಗೆ ರೈಲು ಹತ್ತುತ್ತಾರೆ. ಹುಬ್ಬಳ್ಳಿ ಸುತ್ತಿನವರಿಗೆ ನವನಗರದ ಕ್ಯಾನ್ಸರ್ ಆಸ್ಪತ್ರೆ, ಕರಾವಳಿಯವರಿಗೆ ಮಂಗಳೂರು, ಮಣಿಪಾಲ.

ಎಲ್ಲಿಗೇ ಹೋದರೂ ಯಾವ ಔಷಧ, ಎಷ್ಟು ಸಲ ಎಂದು ನಿರ್ಧರಿಸುವವರು ವೈದ್ಯರು. ಆ ಚಿಕಿತ್ಸೆ ಕೊನೆಯವರೆಗೆ ನಡೆಯುತ್ತದೋ ಇಲ್ಲವೋ ಎಂಬುದು ಮಾತ್ರ ಬಹುಪಾಲು ಮನೆಯಲ್ಲಿ ತೀರ್ಮಾನವಾಗುತ್ತದೆ. ಎರಡು ಕೀಮೋ ಆದ ಮೇಲೆ ಬಾಯಲ್ಲಿ ಹುಣ್ಣಾಗಿ ‘ನನ್ನ ಕೈಲಾಗಲ್ಲ, ಬಿಟ್ಟುಬಿಡಿ’ ಎನ್ನುವ ಅಮ್ಮ, ಓಡಾಟದ ಖರ್ಚಿಗೆ ಹೆದರಿ ‘ಈಗ ಪರವಾಗಿಲ್ಲ’ ಎಂದು ಸುಳ್ಳು ಹೇಳುವ ಅಪ್ಪ, ನಾಟಿ ಔಷಧದ ವಿಳಾಸ ಹಿಡಿದು ಬರುವ ನೆಂಟರು, ರಾತ್ರಿ ಬಂದ ಜ್ವರಕ್ಕೆ ಬೆಳಗಾಗಲಿ ಎಂದು ಕಾಯುವ ಮನೆಯವರು. ಚಿಕಿತ್ಸೆ ಮುರಿದು ಬೀಳುವುದು ಇಂಥ ಕಡೆ. ಮಕ್ಕಳ ಕೆಲಸವೂ ಅಲ್ಲೇ ಇದೆ. ಧೈರ್ಯ ಹೇಳುವವರು ಬೇಕಾದಷ್ಟು ಜನ ಸಿಗುತ್ತಾರೆ.

ಮುಚ್ಚಿಡಬೇಡಿ

‘ಅಮ್ಮಂಗೆ ಗೊತ್ತಾಗ್ಬಾರ್ದು ಡಾಕ್ಟ್ರೇ.’ ವೈದ್ಯರ ಕೋಣೆಯೊಳಗೆ ಮಗ ಮೊದಲು ನುಗ್ಗಿ ಹೇಳುವ ಮಾತು ಇದು. ಪ್ರೀತಿಯಿಂದಲೇ ಹೇಳುತ್ತಾನೆ. ಆದರೆ ಆಸ್ಪತ್ರೆಯ ಬೋರ್ಡು ಕನ್ನಡದಲ್ಲೇ ಇರುತ್ತದೆ. ಪಕ್ಕದ ಬೆಂಚಿನವರು ತಮ್ಮ ಕಥೆಯನ್ನೆಲ್ಲ ಹೇಳಿಕೊಳ್ಳುತ್ತಾರೆ. ಎರಡು ಮೂರು ವಾರಕ್ಕೆ ಬಾಚಣಿಗೆಯಲ್ಲಿ ಕೂದಲು ಹಿಡಿಹಿಡಿಯಾಗಿ ಬರತೊಡಗುತ್ತದೆ. ಅಮ್ಮನಿಗೆ ಗೊತ್ತಾಗಿಯೇ ಆಗುತ್ತದೆ. ಗೊತ್ತಾದದ್ದನ್ನು ಮಕ್ಕಳಿಗೆ ತೋರಿಸಿಕೊಳ್ಳದೆ ಆಕೆಯೂ ನಟಿಸುತ್ತಾಳೆ. ಒಂದೇ ಮನೆಯಲ್ಲಿದ್ದೂ ಭಯವನ್ನು ಹಂಚಿಕೊಳ್ಳಲು ಯಾರಿಗೂ ಯಾರೂ ಇಲ್ಲದಂತಾಗುತ್ತದೆ.

ಇದರಲ್ಲಿ ಇನ್ನೊಂದು ತೊಂದರೆಯೂ ಇದೆ. ಯಾಕೆ ಕಷ್ಟಪಡುತ್ತಿದ್ದೇನೆಂದು ತಿಳಿಯದವರು ಕಷ್ಟ ಹೆಚ್ಚಾದೊಡನೆ ಸಾಕು ಎನ್ನುತ್ತಾರೆ. ‘ಸಣ್ಣ ಗಡ್ಡೆ, ಅಷ್ಟೇ’ ಎಂದು ನಂಬಿಸಿದ ಮೇಲೆ ಆ ಸಣ್ಣ ಗಡ್ಡೆಗೆ ಆರು ಕೀಮೋ, ಐದು ವಾರ ಕರೆಂಟು (ರೇಡಿಯೇಷನ್) ಏಕೆಂದು ಕೇಳಿದರೆ ಉತ್ತರವಿರುವುದಿಲ್ಲ.

ಎಲ್ಲವನ್ನೂ ಒಂದೇ ದಿನ ಹೇಳಿ ಮುಗಿಸಬೇಕಿಲ್ಲ. ‘ಡಾಕ್ಟ್ರು ಹೇಳಿದ್ದು ನಿಂಗೇನು ಅರ್ಥ ಆಯ್ತಮ್ಮಾ?’ ಎಂದು ಕೇಳಿ ನೋಡಿ. ಅವರಿಗೆ ಎಷ್ಟು ಗೊತ್ತಿದೆಯೋ ಅಲ್ಲಿಂದ ಮಾತು ಶುರುವಾಗಲಿ. ಇನ್ನೂ ತಿಳಿಯಬೇಕೆಂದರೆ ಇನ್ನೂ ಹೇಳಿ. ‘ನಂಗೇನೂ ಹೇಳ್ಬೇಡಿ, ನೀವೇ ನೋಡ್ಕೊಳ್ಳಿ’ ಎನ್ನುವ ತಂದೆ ತಾಯಂದಿರೂ ಇದ್ದಾರೆ. ಅದಕ್ಕೂ ಬೆಲೆ ಕೊಡಬೇಕು. ಆದರೆ ಹಾಗೆಂದು ತೀರ್ಮಾನಿಸಬೇಕಾದವರು ಅವರು, ನಾವಲ್ಲ.

ವೈದ್ಯರನ್ನು ಕೇಳಲೇಬೇಕಾದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಂಡು ಹೋಗಿ, ಒಳಗೆ ಹೋದಾಗ ಅರ್ಧ ಮರೆತುಹೋಗುತ್ತವೆ. ಕಾಯಿಲೆ ಯಾವ ಹಂತದಲ್ಲಿದೆ? ಈ ಚಿಕಿತ್ಸೆ ಪೂರ್ತಿ ಗುಣಪಡಿಸಲೋ, ಹತೋಟಿಯಲ್ಲಿಡಲೋ? ಆಪರೇಷನ್, ಕೀಮೋ, ರೇಡಿಯೇಷನ್‌ಗಳಲ್ಲಿ ಯಾವುದು ಮೊದಲು, ಒಟ್ಟು ಎಷ್ಟು ತಿಂಗಳು? ರಾತ್ರಿ ಹೊತ್ತು ತೊಂದರೆಯಾದರೆ ಯಾವ ನಂಬರಿಗೆ ಫೋನ್ ಮಾಡಬೇಕು? ಇವುಗಳಲ್ಲಿ ಎರಡನೆಯ ಪ್ರಶ್ನೆ ಕೇಳಲು ಬಾಯಿ ಬರುವುದಿಲ್ಲ. ಆದರೂ ಕೇಳಿ, ಮುಂದಿನ ಎಷ್ಟೋ ತೀರ್ಮಾನಗಳು ಅದನ್ನು ಅವಲಂಬಿಸಿವೆ.

ಕಾಗದ ಪತ್ರ

ಒಂದೇ ಫೈಲು, ತಾರೀಖಿನ ಕ್ರಮದಲ್ಲಿ. ಮೊದಲ ಪುಟದಲ್ಲಿ ಅಮ್ಮ ದಿನಾ ನುಂಗುವ ಬಿಪಿ, ಸಕ್ಕರೆ, ಥೈರಾಯ್ಡ್ ಮಾತ್ರೆಗಳ ಪಟ್ಟಿ, ರಕ್ತ ತೆಳುವಾಗಿಸುವ ಮಾತ್ರೆಯಿದ್ದರೆ ಎದ್ದುಕಾಣುವಂತೆ ಅದರ ಹೆಸರು, ಆಗದ ಔಷಧವಿದ್ದರೆ ಅದು. ಪ್ರತಿ ಕಾಗದದ ಫೋಟೋ ಮನೆಯ ಇಬ್ಬರ ಮೊಬೈಲಿನಲ್ಲಾದರೂ ಇರಲಿ.

ಬಹಳ ಜನರಿಗೆ ತಿಳಿಯದ ಒಂದು ಸಂಗತಿ ಇದೆ. ಬಯಾಪ್ಸಿಗೆಂದು ತೆಗೆದ ತುಣುಕನ್ನು ಮೇಣದಲ್ಲಿ ಹುದುಗಿಸಿ ಇಟ್ಟಿರುತ್ತಾರೆ. ಅದಕ್ಕೆ ಬ್ಲಾಕ್ ಎನ್ನುತ್ತಾರೆ. ಅದರಿಂದ ಕೊಯ್ದ ತೆಳು ಪದರ ಗಾಜಿನ ಸ್ಲೈಡಿನ ಮೇಲಿರುತ್ತದೆ. ಬೇರೆ ಆಸ್ಪತ್ರೆಗೆ ಹೋಗುವುದಾದರೆ ರಿಪೋರ್ಟಿನ ಜೊತೆಗೆ ಇವನ್ನೂ ಕೇಳಿ ಪಡೆಯಬೇಕು. ಇಲ್ಲದಿದ್ದರೆ ವಯಸ್ಸಾದ ಜೀವಕ್ಕೆ ಮತ್ತೊಮ್ಮೆ ಸೂಜಿ ಚುಚ್ಚಿಸಿದಂತಾಗುತ್ತದೆ. ಸ್ತನ ಕ್ಯಾನ್ಸರಿನಲ್ಲಿ ಆ ತುಣುಕಿನ ಮೇಲೆ ಐಎಚ್‌ಸಿ ಎಂಬ ಇನ್ನೊಂದು ಪರೀಕ್ಷೆ ಮಾಡಿ, ಗಡ್ಡೆ ಹಾರ್ಮೋನಿಗೆ ಸ್ಪಂದಿಸುತ್ತದೆಯೇ, ಎಚ್‌ಇಆರ್2 ಎಂಬ ಪ್ರೋಟೀನು ಹೆಚ್ಚಿದೆಯೇ ಎಂದು ನೋಡುತ್ತಾರೆ. ಔಷಧದ ಆಯ್ಕೆ ನಿಲ್ಲುವುದೇ ಅದರ ಮೇಲೆ. ಅದಕ್ಕಾಗಿ ಕಾಯುವ ಕೆಲವು ದಿನ ವ್ಯರ್ಥವಲ್ಲ.

ವೈದ್ಯರ ಹತ್ತಿರ ಮಾತಾಡುವವರು ಮನೆಯಲ್ಲಿ ಒಬ್ಬರೇ ಇರಲಿ. ಉಳಿದ ಅಣ್ಣತಮ್ಮ, ಅಕ್ಕತಂಗಿಯರಿಗೆ ಅಂದಂದಿನ ಸುದ್ದಿ ಅವರಿಂದಲೇ ಹೋಗಲಿ. ದುಬೈಯಲ್ಲೋ ಅಮೆರಿಕದಲ್ಲೋ ಇರುವ ಮಗ ಇಂಟರ್‌ನೆಟ್ಟಿನಲ್ಲಿ ಓದಿದ್ದನ್ನು ರಾತ್ರಿ ಫೋನಿನಲ್ಲಿ ಹೇಳಿ, ದಿನವಿಡೀ ಆಸ್ಪತ್ರೆಯಲ್ಲಿ ನಿಂತು ಬಂದ ತಂಗಿಯನ್ನು ಅಡ್ಡಪ್ರಶ್ನೆ ಕೇಳುವುದಕ್ಕಿಂತ, ಖರ್ಚಿನ ಲೆಕ್ಕ, ವಿಮೆಯ ಕಾಗದ, ಮುಂದಿನ ತಾರೀಖುಗಳ ಜವಾಬ್ದಾರಿ ವಹಿಸಿಕೊಂಡರೆ ಅದು ನಿಜವಾದ ನೆರವು. ದಿನಾ ಸಂಜೆ ಅಮ್ಮನ ಜೊತೆ ವಿಡಿಯೋ ಕಾಲಿನಲ್ಲಿ ಅರ್ಧ ಗಂಟೆ ಊರಿನ ಮಾತಾಡುವುದೂ ನೆರವೇ.

ದುಡ್ಡು, ಓಡಾಟ

ಬಿಪಿಎಲ್ ಕಾರ್ಡಿದ್ದರೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯಲ್ಲಿ ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆ ಸಿಗುತ್ತದೆ. ಎಪಿಎಲ್‌ನವರಿಗೆ ನಿಗದಿತ ದರದ ಶೇ 30ರಷ್ಟನ್ನು, ವರ್ಷಕ್ಕೆ 1.5 ಲಕ್ಷ ರೂಪಾಯಿ ಮಿತಿಯಲ್ಲಿ ಸರ್ಕಾರ ಕೊಡುತ್ತದೆ. ಇಲ್ಲಿ ಜನ ಎಡವುವುದು ಒಂದೇ ಕಡೆ. ಗಾಬರಿಯಲ್ಲಿ ಖಾಸಗಿ ಆಸ್ಪತ್ರೆಗೆ ಸೇರಿಸಿ, ಕೈಯಿಂದ ಕಟ್ಟಿ, ಆಮೇಲೆ ಕಾರ್ಡು ತೋರಿಸಿದರೆ ಕಟ್ಟಿದ ಹಣ ವಾಪಸು ಬರುವುದಿಲ್ಲ. ತುರ್ತು ಸಂದರ್ಭ ಬಿಟ್ಟರೆ, ಮೊದಲು ಸರ್ಕಾರಿ ಆಸ್ಪತ್ರೆಗೆ ಹೋಗಬೇಕು, ಅಲ್ಲಿ ಆಗದ್ದಕ್ಕೆ ರೆಫರಲ್ ಪಡೆಯಬೇಕು, ಚಿಕಿತ್ಸೆಗೆ ಮುಂಚೆ ಒಪ್ಪಿಗೆ ಬರಬೇಕು. ಆಸ್ಪತ್ರೆಯಲ್ಲಿ ‘ಆರೋಗ್ಯ ಮಿತ್ರ’ ಎಂಬ ಸಿಬ್ಬಂದಿ ಇರುವುದೇ ಇದಕ್ಕೆ. ದಾಖಲಾಗುವ ಮುನ್ನ ಅವರನ್ನು ಹುಡುಕಿ ಮಾತಾಡಿ. ಸಂದೇಹವಿದ್ದರೆ 104ಕ್ಕೆ ಕರೆ ಮಾಡಿ ಕೇಳಬಹುದು.

ಔಷಧ ಹೊರಗೆ ಕೊಳ್ಳಬೇಕಾಗಿ ಬಂದರೆ ಅದರ ಜನರಿಕ್ ಹೆಸರನ್ನು ವೈದ್ಯರಿಂದಲೇ ಬರೆಸಿಕೊಳ್ಳಿ. ಒಂದೇ ಔಷಧ, ಕಂಪನಿ ಬದಲಾದರೆ ಬೆಲೆಯಲ್ಲಿ ಬಹಳ ವ್ಯತ್ಯಾಸವಿರುತ್ತದೆ. 2019ರಲ್ಲಿ ಕೇಂದ್ರ ಸರ್ಕಾರ 42 ಕ್ಯಾನ್ಸರ್ ಔಷಧಗಳ ಮೇಲಿನ ಮಾರಾಟದ ಲಾಭಕ್ಕೆ ಶೇ 30ರ ಮಿತಿ ಹಾಕಿದ ಮೇಲೆ ಕೆಲವುಗಳ ಬೆಲೆ ಗಣನೀಯವಾಗಿ ಇಳಿದಿದೆ. ಬದಲಿ ಕಂಪನಿಯದನ್ನು ಕೊಳ್ಳುವ ಮುನ್ನ ವೈದ್ಯರ ಒಪ್ಪಿಗೆ ಇರಲಿ.

ಚಿಕಿತ್ಸೆಗೆ ರೈಲಿನಲ್ಲಿ ಹೋಗುವ ಕ್ಯಾನ್ಸರ್ ರೋಗಿಗೆ ಸ್ಲೀಪರ್ ಮತ್ತು ಥರ್ಡ್ ಎಸಿಯಲ್ಲಿ ಟಿಕೆಟ್ ದರ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ ಶೇ 75 ರಿಯಾಯಿತಿ. ಅದಕ್ಕೆ ಆಸ್ಪತ್ರೆಯಿಂದ ನಿಗದಿತ ನಮೂನೆಯಲ್ಲಿ ಪ್ರಮಾಣಪತ್ರ ಬೇಕು. 2023ರ ಜೂನ್‌ನಿಂದ ಶಕ್ತಿ ಯೋಜನೆ ಇರುವುದರಿಂದ ಅಮ್ಮನೂ ಮಗಳೂ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ಟಿನ ಚಿಂತೆಯಿಲ್ಲದೆ ಬರಬಹುದು. ಆದರೆ ಕೀಮೋ ಆದ ಮರುದಿನಗಳಲ್ಲಿ ತುಂಬಿದ ಬಸ್ಸು ಒಳ್ಳೆಯದಲ್ಲ. ಉಳಿಯಲು ಕಿದ್ವಾಯಿಯಲ್ಲೇ ಧರ್ಮಶಾಲೆಯಿದೆ. 2025ರಿಂದ ರಾಜ್ಯದ ಹಲವು ಜಿಲ್ಲಾ ಆಸ್ಪತ್ರೆಗಳಲ್ಲಿ ಡೇ ಕೇರ್ ಕೀಮೋ ಕೇಂದ್ರಗಳು ತೆರೆದಿವೆ. ಮೊದಲ ಸುತ್ತು ಬೆಂಗಳೂರಿನಲ್ಲಾಗಿ ಮುಂದಿನವನ್ನು ನಿಮ್ಮ ಜಿಲ್ಲೆಯಲ್ಲೇ ಕೊಡಬಹುದೇ ಎಂದು ವೈದ್ಯರನ್ನು ಕೇಳಿ. ವಯಸ್ಸಾದವರಿಗೆ ಔಷಧಕ್ಕಿಂತ ಪ್ರಯಾಣವೇ ಹೆಚ್ಚು ದಣಿವು ತರುವುದುಂಟು.

ಜ್ವರಕ್ಕೆ ಬೆಳಗಾಗಲಿ ಎನ್ನಬೇಡಿ

ಈ ಲೇಖನದಲ್ಲಿ ಒಂದೇ ಒಂದು ಭಾಗವನ್ನು ನೆನಪಿಟ್ಟುಕೊಳ್ಳುವುದಾದರೆ ಅದು ಇದಾಗಲಿ.

ಕೀಮೋ ಔಷಧ ಬೇಗ ಬೇಗ ಬೆಳೆಯುವ ಜೀವಕೋಶಗಳ ಮೇಲೆ ಬೀಳುತ್ತದೆ. ಕ್ಯಾನ್ಸರಿನ ಕೋಶಗಳ ಜೊತೆಗೆ ಕೂದಲ ಬುಡ, ಬಾಯಿ ಮತ್ತು ಕರುಳಿನ ಒಳಪದರ, ಮೂಳೆಯೊಳಗಿನ ಮಜ್ಜೆ ಕೂಡ ಪೆಟ್ಟು ತಿನ್ನುತ್ತವೆ. ಮಜ್ಜೆ ಸೋತಾಗ ಸೋಂಕಿನೊಡನೆ ಹೋರಾಡುವ ಬಿಳಿ ರಕ್ತಕಣಗಳು ಇಳಿಯುತ್ತವೆ. ‘ಕೌಂಟ್ ಬಿದ್ದಿದೆ’ ಎನ್ನುವುದು ಇದನ್ನೇ. ಸಾಮಾನ್ಯವಾಗಿ ಕೀಮೋ ಆಗಿ 7ರಿಂದ 14 ದಿನಗಳ ನಡುವೆ ಕೌಂಟ್ ತೀರಾ ಕೆಳಗಿದ್ದು, ಮೂರನೆಯ ವಾರಕ್ಕೆ ಮೇಲೇಳುತ್ತದೆ. ಬಹಳಷ್ಟು ಕೀಮೋಗಳ ನಡುವೆ 21 ದಿನ ಬಿಡುವುದು, ಪ್ರತಿ ಸಲ ಮೊದಲು ರಕ್ತ ಪರೀಕ್ಷೆ ಮಾಡಿಸುವುದು ಇದೇ ಕಾರಣಕ್ಕೆ.

ಆ ದಿನಗಳಲ್ಲಿ ಜ್ವರ 100.4 ಫ್ಯಾರನ್‌ಹೀಟ್, ಅಂದರೆ 38 ಡಿಗ್ರಿ ಸೆಲ್ಸಿಯಸ್ ಮುಟ್ಟಿದರೆ ಅದು ತುರ್ತು. ಹಣೆ ಮುಟ್ಟಿ ನೋಡಿದರೆ ಸಾಲದು, ಮನೆಯಲ್ಲಿ ಡಿಜಿಟಲ್ ಥರ್ಮಾಮೀಟರ್ ಇರಲೇಬೇಕು. ವೈದ್ಯರನ್ನು ಕೇಳದೆ ಪ್ಯಾರಾಸಿಟಮಾಲ್ ಕೊಡಬೇಡಿ. ಜ್ವರ ಇಳಿದಂತೆ ಕಾಣುತ್ತದೆ, ಸೋಂಕು ಒಳಗೆ ಏರುತ್ತಲೇ ಇರುತ್ತದೆ. ಇಂಥವರಿಗೆ ಆಸ್ಪತ್ರೆ ತಲುಪಿದ ಒಂದು ಗಂಟೆಯೊಳಗೆ ರಕ್ತನಾಳದ ಮೂಲಕ ಆ್ಯಂಟಿಬಯೋಟಿಕ್ ಹೋಗಬೇಕು. ವಯಸ್ಸಾದವರಲ್ಲಿ, ಸ್ಟಿರಾಯ್ಡ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಜ್ವರವೇ ಕಾಣಿಸದೆ ಬರೀ ಚಳಿ ನಡುಕ, ವಿಪರೀತ ಮಂಪರು, ಮಾತು ತೊದಲುವಿಕೆ ಬರಬಹುದು. ಅದನ್ನೂ ಜ್ವರದಷ್ಟೇ ಗಂಭೀರವಾಗಿ ಎಣಿಸಿ.

ಚಳ್ಳಕೆರೆಯ ಹಳ್ಳಿಯೊಂದರಲ್ಲಿ ರಾತ್ರಿ ಎರಡು ಗಂಟೆಗೆ ಜ್ವರ ಬಂದರೆ ಬೆಂಗಳೂರು ದೂರ. ಹಾಗಾಗಿ ಕೀಮೋ ಮುಗಿಸಿ ಊರಿಗೆ ಹೊರಡುವ ಮೊದಲೇ, ಹತ್ತಿರದ ಯಾವ ಆಸ್ಪತ್ರೆಯಲ್ಲಿ ರಾತ್ರಿಯೂ ವೈದ್ಯರಿದ್ದು ಡ್ರಿಪ್ ಹಾಕುತ್ತಾರೆ ಎಂದು ವಿಚಾರಿಸಿಟ್ಟುಕೊಳ್ಳಿ. 108ಕ್ಕೆ ಫೋನ್ ಮಾಡಿ ಅಲ್ಲಿಗೆ ಹೋಗಿ, ಬಾಗಿಲಲ್ಲೇ ‘ಇಷ್ಟು ದಿನದ ಹಿಂದೆ ಕೀಮೋ ಆಗಿದೆ, ಕೌಂಟ್ ಬಿದ್ದಿರಬಹುದು’ ಎಂದು ಹೇಳಿ, ಫೈಲು ಕೈಗೆ ಕೊಡಿ. ಕೀಮೋ ಎಂಬ ಪದ ಕಿವಿಗೆ ಬೀಳದಿದ್ದರೆ ಡ್ಯೂಟಿ ಡಾಕ್ಟರು ಇದನ್ನು ಸಾಮಾನ್ಯ ಜ್ವರವೆಂದು ಸಾಲಿನಲ್ಲಿ ಕೂರಿಸಿಬಿಡುವ ಸಾಧ್ಯತೆ ಇದೆ.

ಜ್ವರದಂತೆಯೇ ಕಾಯಬಾರದ ಇನ್ನು ಕೆಲವಿವೆ: ನಿಲ್ಲದ ರಕ್ತಸ್ರಾವ, ಕಪ್ಪು ಮಲ, ಉಸಿರಾಟದ ತೊಂದರೆ, ನೀರೂ ನಿಲ್ಲದಷ್ಟು ವಾಂತಿ, ಮೇಲಿಂದ ಮೇಲೆ ಭೇದಿ, ಒಂದೇ ಕಾಲಿನ ಊತ, ಬೆನ್ನುನೋವಿನ ಜೊತೆ ಕಾಲಿನ ಬಲ ಕುಸಿಯುವುದು. ಡ್ರಿಪ್ ಹೋಗುವಾಗ ಸೂಜಿಯ ಜಾಗ ಉರಿದರೆ ಅಮ್ಮ ಸಹಿಸಿಕೊಂಡು ಕೂರುವುದು ಬೇಡ, ಕೂಡಲೇ ನರ್ಸನ್ನು ಕರೆಯಬೇಕು. ಔಷಧ ನಾಳದಿಂದ ಹೊರಗೆ ಸೋರಿದರೆ ಚರ್ಮವೇ ಸುಟ್ಟಂತಾಗುತ್ತದೆ.

ಹೆದರಬೇಕಿಲ್ಲದವೂ ಇವೆ. ಕೆಂಪು ಬಣ್ಣದ ಔಷಧ ಹಾಕಿದ ಮೇಲೆ ಒಂದೆರಡು ದಿನ ಮೂತ್ರ ಕೆಂಪಾಗುವುದು ಔಷಧದ ಬಣ್ಣ, ರಕ್ತವಲ್ಲ. ಕರುಳಿನ ಕ್ಯಾನ್ಸರಿಗೆ ಕೊಡುವ ಆಕ್ಸಾಲಿಪ್ಲಾಟಿನ್ ಹಾಕಿದಾಗ ತಣ್ಣೀರು ಮುಟ್ಟಿದರೆ ಬೆರಳು ಜುಮ್ಮೆನ್ನುತ್ತದೆ, ಗಂಟಲು ಹಿಡಿದಂತಾಗುತ್ತದೆ. ಕೆಲವು ದಿನ ಫ್ರಿಜ್ಜಿನ ಸಹವಾಸ ಬಿಟ್ಟು ಬೆಚ್ಚಗಿನ ನೀರು ಬಳಸಿದರೆ ಆಯಿತು. ವಾಂತಿ ತಡೆಯಲು ಕೊಡುವ ಡೆಕ್ಸಾಮೆಥಾಸೋನ್ ಸಕ್ಕರೆ ಕಾಯಿಲೆಯವರ ಸಕ್ಕರೆ ಏರಿಸುತ್ತದೆ. ಆ ದಿನಗಳಲ್ಲಿ ಮನೆಯಲ್ಲೇ ಸಕ್ಕರೆ ನೋಡಿ, ಹೆಚ್ಚಿದ್ದರೆ ವೈದ್ಯರಿಗೆ ತಿಳಿಸಿ. ಕೀಮೋ ಆದ ಎರಡು ದಿನ ಮಲಮೂತ್ರ, ವಾಂತಿಯಲ್ಲಿ ಔಷಧದ ಅಂಶವಿರುತ್ತದೆ. ಕೈಗವಸು ಹಾಕಿ ಶುಚಿಮಾಡಿ, ಶೌಚಕ್ಕೆ ಹೆಚ್ಚು ನೀರು ಸುರಿಯಿರಿ. ಮನೆಯ ಗರ್ಭಿಣಿಯರು ಆ ಕೆಲಸಕ್ಕೆ ಕೈ ಹಾಕುವುದು ಬೇಡ.

ಊಟ ಮತ್ತು ಪಥ್ಯ

ಕ್ಯಾನ್ಸರ್ ಎಂದೊಡನೆ ನಮ್ಮ ಮನೆಗಳಲ್ಲಿ ಪಥ್ಯ ಶುರುವಾಗುತ್ತದೆ. ಮೊಟ್ಟೆ ಬೇಡ, ಬದನೆ ನಂಜು, ಸಕ್ಕರೆ ತಿಂದರೆ ಗಡ್ಡೆ ಬೆಳೆಯುತ್ತದೆ, ರಾತ್ರಿ ಮೊಸರು ಬೇಡ. ಹೀಗೆ ಒಂದೊಂದೇ ಕಳೆದು ಕೊನೆಗೆ ತಟ್ಟೆಯಲ್ಲಿ ಗಂಜಿ ನೀರು ಉಳಿಯುತ್ತದೆ. ಇದು ನನ್ನನ್ನು ಎಲ್ಲಕ್ಕಿಂತ ಹೆಚ್ಚು ಕಾಡುವ ಸಂಗತಿ. ತೂಕ ಇಳಿದಷ್ಟೂ ದೇಹ ಚಿಕಿತ್ಸೆ ತಡೆಯುವುದಿಲ್ಲ. ಕೀಮೋ ಮುಂದೂಡುತ್ತಾರೆ, ಇಲ್ಲವೇ ಪ್ರಮಾಣ ಇಳಿಸುತ್ತಾರೆ. ಸಕ್ಕರೆ ಬಿಟ್ಟರೆ ಕ್ಯಾನ್ಸರ್ ಉಪವಾಸ ಬಿದ್ದು ಸಾಯುತ್ತದೆ ಎಂಬುದಕ್ಕೆ ಆಧಾರವಿಲ್ಲ. ಅಮ್ಮ ಉಪವಾಸ ಬೀಳುತ್ತಾಳೆ, ಅಷ್ಟೇ.

ಬೇಕಾದದ್ದು ಪ್ರೋಟೀನು, ಶಕ್ತಿ, ನೀರು. ಬೇಯಿಸಿದ ಮೊಟ್ಟೆ, ತೊವ್ವೆ, ಹೆಸರುಬೇಳೆ ಪಾಯಸ, ಹಾಲು ಬೆರೆಸಿದ ರಾಗಿ ಅಂಬಲಿ, ತುಪ್ಪ ಹಾಕಿದ ಮೆತ್ತನೆಯ ಅನ್ನ, ತಿನ್ನುವವರಾದರೆ ಚೆನ್ನಾಗಿ ಬೆಂದ ಮೀನು, ಕೋಳಿ. ಮೂರು ಹೊತ್ತಿನ ದೊಡ್ಡ ಊಟದ ಬದಲು ಎರಡು ಗಂಟೆಗೊಮ್ಮೆ ಸಣ್ಣ ಬಟ್ಟಲು. ಕೌಂಟ್ ಬಿದ್ದಿರುವಾಗ ಎಲ್ಲವೂ ಚೆನ್ನಾಗಿ ಬೆಂದು, ಆಗಷ್ಟೇ ಮಾಡಿದ್ದಾಗಿರಲಿ. ಹಸಿ ಕೋಸಂಬರಿ, ರಸ್ತೆಬದಿಯ ಹಣ್ಣಿನ ರಸ, ನಿನ್ನೆಯ ಸಾರು ಬೇಡ. ಸಿಪ್ಪೆ ಸುಲಿದು ತಿನ್ನುವ ಬಾಳೆ, ಕಿತ್ತಳೆ ಆಗುತ್ತದೆ.

ಕೀಮೋ ನಡೆಯುವಾಗ ಒಗ್ಗರಣೆಯ ವಾಸನೆಗೇ ಹೊಟ್ಟೆ ತೊಳಸುವವರಿದ್ದಾರೆ. ನಮ್ಮಮ್ಮನಿಗೂ ಹಾಗಾಗುತ್ತಿತ್ತು. ಆ ವಾರ ಅವರು ಅಂಗಳದಲ್ಲಿರುವಾಗ ಅಡುಗೆ ಮುಗಿಸಿ, ಆರಿದ ಮೇಲೆ ಬಡಿಸುತ್ತಿದ್ದೆವು. ಆರಿದ ಊಟಕ್ಕೆ ವಾಸನೆ ಕಡಿಮೆ. ವಾಂತಿಯ ಮಾತ್ರೆಯನ್ನು ವಾಂತಿ ಬಂದ ಮೇಲೆ ಕೊಡುವುದಲ್ಲ, ಬರೆದುಕೊಟ್ಟ ಹೊತ್ತಿಗೆ ಮೊದಲೇ ಕೊಡಬೇಕು. ಅದರಿಂದ ಮಲಬದ್ಧತೆಯಾಗುವುದುಂಟು, ಆಗ ವೈದ್ಯರನ್ನು ಕೇಳಿ ಮಾತ್ರೆಯೋ ಸಿರಪ್ಪೋ ಕೊಡಿ, ಎನಿಮಾ ಮಾತ್ರ ಬೇಡ. ಬಾಯಿಹುಣ್ಣಿಗೆ ಒಂದು ಲೋಟ ಬೆಚ್ಚಗಿನ ನೀರಿಗೆ ಕಾಲು ಚಮಚ ಉಪ್ಪು, ಕಾಲು ಚಮಚ ಅಡುಗೆ ಸೋಡಾ ಹಾಕಿ ದಿನಕ್ಕೆ ನಾಲ್ಕೈದು ಸಲ ಮುಕ್ಕಳಿಸಲಿ. ಮೆದು ಬ್ರಷ್ಷು, ಖಾರ ಹುಳಿಗೆ ರಜೆ.

ಲಕ್ಷ್ಮಣಫಲದ ಎಲೆಯ ಕಷಾಯ, ಅಮೃತಬಳ್ಳಿ ರಸ, ಊರೂರಿನ ಬೇರು ಪುಡಿಗಳ ಮಾತು ಯಾವ ಮನೆಯಲ್ಲೂ ಬರದೆ ಇರದು. ತಂದುಕೊಡುವವರದು ಕಾಳಜಿಯೇ. ಆದರೆ ಲಕ್ಷ್ಮಣಫಲ ಮನುಷ್ಯರ ಕ್ಯಾನ್ಸರ್ ಗುಣಪಡಿಸಿದ್ದು ರುಜುವಾಗಿಲ್ಲ. ಅಮೃತಬಳ್ಳಿಯಿಂದ ಯಕೃತ್ತಿಗೆ, ಅಂದರೆ ಲಿವರಿಗೆ ಹಾನಿಯಾದ ಪ್ರಕರಣಗಳನ್ನು ನಮ್ಮ ದೇಶದ ವೈದ್ಯರೇ ದಾಖಲಿಸಿದ್ದಾರೆ. ಕೀಮೋ ಔಷಧಗಳಲ್ಲಿ ಹಲವನ್ನು ಅರಗಿಸುವುದು ಅದೇ ಲಿವರು. ಏನನ್ನೇ ಕೊಡಬೇಕೆಂದಿದ್ದರೂ ವೈದ್ಯರಿಗೆ ಮುಚ್ಚಿಟ್ಟು ಕೊಡಬೇಡಿ.

ಕರೆಂಟು ಕೊಡುವ ವಾರಗಳು

ರೇಡಿಯೇಷನ್ ವಾರಕ್ಕೆ ಐದು ದಿನದಂತೆ ಹಲವು ವಾರ ನಡೆಯುತ್ತದೆ. ಒಂದೊಂದು ಸಲ ಕೆಲವೇ ನಿಮಿಷ, ನೋವಿಲ್ಲ. ಆದರೆ ನಡುವೆ ದಿನಗಳು ತಪ್ಪಿದರೆ ಫಲ ಕಡಿಮೆಯಾಗುತ್ತದೆ. ಬಾಯಿ, ಗಂಟಲು, ಗರ್ಭಕೊರಳಿನ ಕ್ಯಾನ್ಸರಿನಲ್ಲಂತೂ ಇದು ಖಚಿತ. ಜಾತ್ರೆ, ಮದುವೆ, ಕೊಯ್ಲು ಯಾವುದಕ್ಕೂ ಬಿಡಬಾರದು. ಚರ್ಮದ ಮೇಲೆ ಹಾಕಿದ ಗುರುತು ಅಳಿಸಬಾರದು, ಆ ಜಾಗಕ್ಕೆ ಹೇಳದೆ ಎಣ್ಣೆ, ಪೌಡರು, ಅರಿಶಿನ ಹಚ್ಚಬಾರದು. ಹೊರಗಿನ ಯಂತ್ರದಿಂದ ಕೊಡುವ ರೇಡಿಯೇಷನ್ ಮೈಯಲ್ಲಿ ಉಳಿಯುವುದಿಲ್ಲ. ಮೊಮ್ಮಗು ಅಜ್ಜಿಯ ತೊಡೆಯ ಮೇಲೆ ಧಾರಾಳವಾಗಿ ಕೂರಬಹುದು, ಮಕ್ಕಳನ್ನು ದೂರ ಇಡುವ ಮನೆಗಳಲ್ಲಿ ಇದನ್ನು ಗಟ್ಟಿಯಾಗಿ ಹೇಳಬೇಕು.

ಅವರು ಇನ್ನೂ ಅಪ್ಪ, ಅಮ್ಮ

ನಿನ್ನೆಯವರೆಗೆ ಮನೆ ನಡೆಸಿದವರನ್ನು ಇವತ್ತು ಮಗುವಿನಂತೆ ‘ಸುಮ್ನೆ ಕೂತ್ಕೋ’ ಎಂದು ಗದರಿಸುವುದು ತಪ್ಪು. ತರಕಾರಿ ಲೆಕ್ಕವೋ, ಗುತ್ತಿಗೆಯವನ ಜೊತೆ ಮಾತೋ, ಅಪ್ಪ ಮಾಡಬಲ್ಲದ್ದು ಅಪ್ಪನ ಕೈಯಲ್ಲೇ ಇರಲಿ. ಮಗಳಿಂದ ಸ್ನಾನ ಮಾಡಿಸಿಕೊಳ್ಳಲು ತಂದೆಗೆ, ಮಗನ ಮುಂದೆ ಬಟ್ಟೆ ಬದಲಿಸಲು ತಾಯಿಗೆ ಸಂಕೋಚವಾಗುತ್ತದೆ. ಯಾರು ಮಾಡಿದರೆ ಆಗಬಹುದೆಂದು ಅವರನ್ನೇ ಕೇಳಿ. ಕೂದಲು ಉದುರುವ ಮೊದಲೇ ಸಣ್ಣಗೆ ಕತ್ತರಿಸಬೇಕೇ, ಸ್ಕಾರ್ಫ್ ಬೇಕೇ, ನೋಡಲು ಬರುವವರನ್ನು ಈ ವಾರ ಬೇಡವೆನ್ನಲೇ, ಎಲ್ಲವೂ ಅವರ ಮಾತಿನಂತೆ. ನೆಗಡಿ ಕೆಮ್ಮು ಇರುವವರಿಗೆ ಬಾಗಿಲಲ್ಲೇ ಕೈಮುಗಿದು ಹೇಳುವುದು ಮಾತ್ರ ಮಕ್ಕಳ ಕೆಲಸ.

ಹೆಚ್ಚಿನ ಮನೆಗಳಲ್ಲಿ ರಾತ್ರಿ ಎಚ್ಚರವಿರುವವಳು ಸೊಸೆ. ಆಸ್ಪತ್ರೆಯಲ್ಲಿ ನಿಂತು ಸಹಿ ಹಾಕುವ ಮಗ ಎಲ್ಲರ ಕಣ್ಣಿಗೆ ಬೀಳುತ್ತಾನೆ, ಪಾತ್ರೆ, ಬಟ್ಟೆ, ವಾಂತಿಯ ಬೋಗುಣಿ ತೊಳೆಯುವ ಆಕೆ ಬೀಳುವುದಿಲ್ಲ. ವಾರಕ್ಕೆ ಎರಡು ರಾತ್ರಿಯಾದರೂ ಆಕೆಗೆ ಪೂರ್ತಿ ನಿದ್ದೆ ಸಿಗುವಂತೆ ಸರದಿ ಹಾಕಿಕೊಳ್ಳಿ. ಆಕೆ ಹಾಸಿಗೆ ಹಿಡಿದರೆ ಚಿಕಿತ್ಸೆಯೂ ನಿಲ್ಲುತ್ತದೆ.

ನೋವನ್ನು ಸಹಿಸಿಕೊಳ್ಳಬೇಕಿಲ್ಲ. ಮಾರ್ಫಿನ್ ಎಂದರೆ ಕೊನೆಗಾಲದ ಔಷಧ, ಚಟ ಹಿಡಿಯುತ್ತದೆ ಎಂದು ಹೆದರುತ್ತಾರೆ. ವೈದ್ಯರ ಲೆಕ್ಕದಲ್ಲಿ ನೋವಿಗೆ ಕೊಟ್ಟಾಗ ಆ ಭಯ ಬೇಡ. ಬೆಲೆಯೂ ಕಡಿಮೆ. ಜೊತೆಗೆ ಮಲಬದ್ಧತೆಗೆ ಔಷಧ ಬೇಕಾಗುತ್ತದೆ. ಇದನ್ನೆಲ್ಲ ನೋಡಿಕೊಳ್ಳುವ ಉಪಶಾಮಕ ಚಿಕಿತ್ಸೆಯ ವಿಭಾಗವನ್ನು ಚಿಕಿತ್ಸೆ ನಡೆಯುತ್ತಿರುವಾಗಲೇ ಕಾಣಬಹುದು. ಕಾಯಿಲೆ ಮುಂದುವರಿದು ಗುಣಪಡಿಸುವ ಚಿಕಿತ್ಸೆ ಇನ್ನು ಫಲಿಸದು ಎಂದಾದಾಗ ಬೆಂಗಳೂರಿನ ಕರುಣಾಶ್ರಯ ಹಣ ಪಡೆಯದೆ ಆರೈಕೆ ಮಾಡುತ್ತದೆ. ಆ ಹಂತದಲ್ಲಿ ಮತ್ತೊಂದು ಕೀಮೋ ಬೇಕೋ, ಮನೆಯಲ್ಲಿ ನೋವಿಲ್ಲದೆ ಇರಬೇಕೋ ಎಂದು ಅವರನ್ನು ಕೇಳಿ, ಅವರು ಹೇಳಿದಂತೆ ನಡೆಯುವುದೂ ಚಿಕಿತ್ಸೆಯ ಭಾಗವೇ.

ಚಿಕಿತ್ಸೆ ಮುಗಿದವರಿಗೆ ಮೊದಲ ವರ್ಷಗಳಲ್ಲಿ ಕೆಲವು ತಿಂಗಳಿಗೊಮ್ಮೆ ತಪಾಸಣೆಯಿರುತ್ತದೆ. ‘ಈಗ ಚೆನ್ನಾಗಿದ್ದೀನಲ್ಲ’ ಎಂದು ಅದನ್ನು ತಪ್ಪಿಸಬಾರದು. ತಾಯಿಗೆ ಸ್ತನ ಅಥವಾ ಅಂಡಾಶಯದ ಕ್ಯಾನ್ಸರ್ ಬಂದಿದ್ದರೆ, ಅದೂ ಚಿಕ್ಕ ವಯಸ್ಸಿನಲ್ಲಿ ಬಂದಿದ್ದರೆ, ಹೆಣ್ಣುಮಕ್ಕಳಿಗೆ ವಂಶವಾಹಿ ಪರೀಕ್ಷೆ ಬೇಕೇ ಎಂದು ಅದೇ ವೈದ್ಯರನ್ನು ಕೇಳಿ. 30 ದಾಟಿದವರಿಗೆ ಬಾಯಿ, ಸ್ತನ, ಗರ್ಭಕೊರಳಿನ ತಪಾಸಣೆ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಉಚಿತ. ಅಮ್ಮನ ಮುಂದಿನ ತಾರೀಖಿಗೆ ಹೊರಡುವ ಮೊದಲು ನಿಮ್ಮದನ್ನೂ ಮಾಡಿಸಿಕೊಳ್ಳಿ.